ನೀನು ಮಾತು ಮರೆತ ಆ ರಾತ್ರಿಯ ಬಗ್ಗೆ

ದಾವಣಗೆರೆ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಮನೆಯವರೆಲ್ಲ ಮಲಗಿದ್ದಾರೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ಮಾತು ತೇಲಿಸಿಬಿಡುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಎರಡು ತಿಂಗಳಿಂದ ನಾಟಕದ ತರಗತಿಗೆ ಹೋಗುತ್ತಿದ್ದೇನೆ. ಪಿ.ಜೆ. ಬಡಾವಣೆಯ ಒಂದು ಶಾಲೆಯ ಸಭಾಂಗಣ, ಭಾನುವಾರ ಸಂಜೆ ಐದರಿಂದ ಎಂಟು. ದಲ್ಲಾಳಿ ಅಂಗಡಿಯವರಿದ್ದಾರೆ, ಎಂಜಿನಿಯರಿಂಗ್ ಓದುವ ಹುಡುಗಿಯರಿದ್ದಾರೆ, ನಿವೃತ್ತರಾದ ಒಬ್ಬ ಶಿಕ್ಷಕಿಯೂ ಇದ್ದಾರೆ. ಮೇಷ್ಟ್ರು ಸಾಣೇಹಳ್ಳಿಯ ರಂಗಶಾಲೆಯಲ್ಲಿ ಕಲಿತು, ಅಲ್ಲಿನ ಶಿವಸಂಚಾರ ನಾಟಕ ತಂಡದ ಜೊತೆ ಊರೂರು ತಿರುಗಿದವರು.

ಪುಸ್ತಕ ಕೊಟ್ಟು ಪಾತ್ರ ಹಂಚುತ್ತಾರೆ ಎಂದುಕೊಂಡು ಹೋಗಿದ್ದೆ. ಕಂಪನಿ ನಾಟಕದ ನಟಿ ಚಿಂದೋಡಿ ಲೀಲಾ ಅವರ ಊರಿನವರು ನಾವು. ನಾಟಕವೆಂದರೆ ಕಂಠಪಾಠ, ಎತ್ತಿದ ದನಿ ಎಂದೇ ನನ್ನ ತಲೆಯಲ್ಲಿ ಕೂತಿತ್ತು. (ಅದೂ ಪೂರ್ತಿ ಸರಿಯಲ್ಲ. ಕಂಪನಿ ನಾಟಕದ ಹಾಸ್ಯಗಾರರು ಬೀಡುಬಿಟ್ಟ ಊರಿನ ಸುದ್ದಿಯನ್ನು ಅಲ್ಲಿಂದಲ್ಲೇ ಮಾತಿಗೆ ಸೇರಿಸುತ್ತಿದ್ದರಲ್ಲ.) ಮೇಷ್ಟ್ರು ಬರಿಗೈಯಲ್ಲಿ ಬಂದರು. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಕನ್ನಡಿಯಾಟ ಆಡಿಸಿದರು. ಒಬ್ಬ ಕೈ ಎತ್ತಿದರೆ ಇನ್ನೊಬ್ಬ ಅದೇ ವೇಗದಲ್ಲಿ ಎತ್ತಬೇಕು. ಸ್ವಲ್ಪ ಹೊತ್ತು ಬಿಟ್ಟು, "ಇನ್ನು ಇಬ್ಬರೂ ಕನ್ನಡಿಗಳೇ" ಎಂದರು. ನನ್ನ ಎದುರಿಗಿದ್ದ ಮಂಡಿ ಸಾಹುಕಾರರ ಕೈಯೂ ನನ್ನ ಕೈಯೂ ಒಟ್ಟಿಗೆ ಮೇಲೇಳುತ್ತಿದ್ದವು. ಮೊದಲು ಎತ್ತಿದವರು ಯಾರೆಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ.

ಇಂಥ ರಂಗಾಟಗಳನ್ನು ರೂಪಿಸಿದವರಲ್ಲಿ ಅಮೆರಿಕದ ರಂಗಶಿಕ್ಷಕಿ ವಯೋಲಾ ಸ್ಪೋಲಿನ್ ದೊಡ್ಡ ಹೆಸರು. ಷಿಕಾಗೋದಲ್ಲಿ, ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳ ಜೊತೆ ದುಡಿಯುತ್ತಾ ಆಕೆ ಪಾಠವನ್ನು ಆಟವಾಗಿಸಿದರು. 1963ರಲ್ಲಿ ಅವೆಲ್ಲ ಪುಸ್ತಕವಾದವು.

ಒಂದು ಆಟದ ಬಗ್ಗೆ ನಿನಗೆ ಹೇಳಲೇಬೇಕು. ವೃತ್ತಾಕಾರದಲ್ಲಿ ಕೂತು ಒಬ್ಬೊಬ್ಬರೂ ಒಂದೊಂದೇ ಪದ ಹೇಳಿ ಕಥೆ ಕಟ್ಟುವುದು. ನಾನು "ಒಬ್ಬ" ಎಂದೆ, ಪಕ್ಕದವಳು "ಅಜ್ಜಿಯನ್ನು" ಎಂದಳು. ನನ್ನ ಮನಸ್ಸಿನಲ್ಲಿದ್ದ ರಾಜ ಅಲ್ಲಿಗೇ ಹೋದ. ಆ "ಅನ್ನು" ಕೇಳಿದ ಕೂಡಲೇ ಅಜ್ಜಿಗೆ ಯಾರೋ ಏನೋ ಮಾಡಲಿದ್ದಾರೆಂದು ಎಲ್ಲರಿಗೂ ತಿಳಿಯಿತು, ಯಾರೆಂದು ಮಾತ್ರ ತಿಳಿಯದು. "ನವಿಲು" ಬಂತು, "ಬೆನ್ನಮೇಲೆ" ಬಂತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ತಾನೇ? ಇಡೀ ವಾಕ್ಯದ ಭವಿಷ್ಯ ಕೊನೆಯವರ ಬಾಯಲ್ಲಿ. ಸಾಹುಕಾರರು ಕಣ್ಣುಮುಚ್ಚಿ ಯೋಚಿಸಿ, ಮೆಲ್ಲಗೆ "ಕೂರಿಸಿಕೊಂಡಿತು" ಎಂದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ವಿಭಕ್ತಿ ಪ್ರತ್ಯಯಕ್ಕೆ ಇಷ್ಟು ಜೀವವಿದೆಯೆಂದು ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಮೂರನೆಯ ವಾರ, ಬರೆದಿಟ್ಟ ಮಾತಿಲ್ಲದ ಒಂದು ದೃಶ್ಯ ಆಡಲು ನಿವೃತ್ತ ಶಿಕ್ಷಕಿಯ ಜೊತೆ ನನ್ನನ್ನು ನಿಲ್ಲಿಸಿದರು. ನಾನು ವೈದ್ಯನಾಗಬೇಕೆಂದು ಮನಸ್ಸಿನಲ್ಲೇ ತಯಾರಾಗಿದ್ದೆ. ಅವರು ಬಂದವರೇ, "ಇನ್ನೂ ಒಲೆ ಹಚ್ಚಿಲ್ಲವೇನಪ್ಪಾ? ದೋಸೆಗೆ ಜನ ಬರುವ ಹೊತ್ತಾಯಿತು" ಎಂದರು. "ಇದು ಆಸ್ಪತ್ರೆ ತಾಯಿ" ಎಂದೆ. ಅವರ ಮುಖ ಸಪ್ಪಗಾಯಿತು, ಮುಂದೆ ಮಾತೇ ಹುಟ್ಟಲಿಲ್ಲ. ಕೀತ್ ಜಾನ್‌ಸ್ಟೋನ್ ಎಂಬ ರಂಗಗುರು, ಜೊತೆಯ ನಟ ಆಡಿದ್ದು ಮಾಡಿದ್ದೆಲ್ಲವನ್ನೂ "ಆಫರ್" ಎಂದು ಕರೆದರಂತೆ. ನಮ್ಮ ಮೇಷ್ಟ್ರು "ಕೊಟ್ಟದ್ದು" ಎನ್ನುತ್ತಾರೆ. "ಅವರು ಕೊಟ್ಟದ್ದನ್ನು ನೀವು ನೆಲಕ್ಕೆ ಹಾಕಿದಿರಿ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುತ್ತಿರಲಿಲ್ಲವೇ? ಮೊದಲು ಹೂಂ ಎನ್ನಿ. ಆಮೇಲೆ ನಿಮ್ಮದೊಂದು ಸೇರಿಸಿ" ಎಂದರು.

ಮತ್ತೆ ಮಾಡಿದೆವು. ಈ ಸಲ ನಾನು ಮೊಣಕಾಲೂರಿ ಇಲ್ಲದ ಒಲೆಯನ್ನು ಊದಿದೆ. "ಸೌದೆ ಹಸಿ ಇದೆ ತಾಯಿ, ಹತ್ತುತ್ತಿಲ್ಲ."

"ಮಳೆಯಲ್ಲಿ ಹೊರಗೆ ಬಿಟ್ಟವರು ಯಾರು?"

"ನಿಮ್ಮ ಮಗ. ರಾತ್ರಿ ತಂದು ಇಳಿಸಿ ಹೋದರು."

ಏಕೆ ಹಾಗೆಂದೆನೋ ತಿಳಿಯದು, ಬಾಯಿಗೆ ಬಂತು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. ತುಂಬ ಹೊತ್ತಾದ ಮೇಲೆ, "ಅವನು ಬಂದಿದ್ದನೇ? ನನ್ನನ್ನು ಎಬ್ಬಿಸಲಿಲ್ಲವೇ?" ಎಂದರು. ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಮಗನನ್ನು ನಾವಿಬ್ಬರೂ ಮೊದಲೇ ಯೋಚಿಸಿರಲಿಲ್ಲ ಕಣೋ. ಹಸಿ ಸೌದೆಯಿಂದ ಹುಟ್ಟಿ ಬಂದವನು ಅವನು.

ನೀನು ಉಡುಪಿಯಲ್ಲಿದ್ದೀಯ, ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಗೆ ಹೋಗುತ್ತಿರುತ್ತೀಯ. ಪ್ರಸಂಗದ ಪದ್ಯ ಬರೆದಿಟ್ಟದ್ದು, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಆ ಕ್ಷಣದ್ದು. ಎದುರಿನ ಅರ್ಥಧಾರಿ ಎಸೆದ ಪ್ರಶ್ನೆಯನ್ನು ಎತ್ತಿಕೊಂಡೇ ಇವರು ಮುಂದೆ ಹೋಗಬೇಕು. ಇಷ್ಟು ದಿನ ಅವರ ವಾಕ್ಚಾತುರ್ಯವನ್ನಷ್ಟೇ ಮೆಚ್ಚುತ್ತಿದ್ದೆ. ಇನ್ನೊಬ್ಬರು ಮಾತನಾಡುವಾಗ ಅವರು ಹೇಗೆ ಕಿವಿಗೊಡುತ್ತಾರೆಂದು ಒಮ್ಮೆ ನನಗೋಸ್ಕರ ನೋಡಿ ಬರೆ.

ಈಗ, ಪತ್ರ ಬರೆಯಲು ಕೂತ ಕಾರಣ.

ಕಾಲೇಜಿನ ವಾರ್ಷಿಕೋತ್ಸವ. ನಾನು ರಾಜ, ನೀನು ಮಂತ್ರಿ. ಎರಡನೆಯ ದೃಶ್ಯದಲ್ಲಿ ನಿನಗೆ ಮಾತು ಮರೆತುಹೋಯಿತು. ನೀನು ಸುಮ್ಮನೆ ನಿಂತೆ ಎಂದೇ ಎಲ್ಲರೂ ಹೇಳಿದರು, ನಾನೂ ಹಾಗೇ ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ನೀನು ಮೇಲೆ ನೋಡಿ, "ಮೋಡ ಕವಿಯುತ್ತಿದೆ ಪ್ರಭು" ಎಂದಿದ್ದೆ. ಆ ಗಳಿಗೆಯಲ್ಲಿ ನಿನ್ನ ಕೈಯಲ್ಲಿದ್ದುದನ್ನೆಲ್ಲ ನನಗೆ ಕೊಟ್ಟಿದ್ದೆ. ನಾನು ಪುಸ್ತಕದಲ್ಲಿ ಇಲ್ಲದ ಮಾತಿಗೆ ಗಾಬರಿಯಾಗಿ, ನಿನ್ನ ಕಡೆ ನೋಡದೆ ಪಕ್ಕದ ಪರದೆಯತ್ತ ತಿರುಗಿದೆ. ಜನ ಕೂಗಿದ್ದು ನಾನು ತಿರುಗಿದ ಮೇಲೆ. ಅಂದಿನಿಂದ ನೀನು ಬಣ್ಣ ಹಚ್ಚಲಿಲ್ಲ. ತಪ್ಪು ನನ್ನದು, ನನ್ನನ್ನು ಕ್ಷಮಿಸು.

ನಮ್ಮ ತರಗತಿಗೆ ಹೊಸಬರು ಬಂದರೆ ಮೇಷ್ಟ್ರು ಬೇಡವೆನ್ನುವುದಿಲ್ಲ, ಕೇಳಿದ್ದೇನೆ. ಶನಿವಾರ ರಾತ್ರಿಯ ಬಸ್ಸು ಹತ್ತಿದರೆ ಬೆಳಿಗ್ಗೆ ಇಲ್ಲಿರುತ್ತೀಯ. ಬೆಣ್ಣೆದೋಸೆ ತಿಂದು, ಮಧ್ಯಾಹ್ನ ಮಲಗಿ ಎದ್ದು, ಐದಕ್ಕೆ ಹೋಗೋಣ. ನೀನು "ಮೋಡ ಕವಿಯುತ್ತಿದೆ" ಎಂಬಲ್ಲಿಂದಲೇ ಶುರುಮಾಡು. ನಾನು ನಿನ್ನನ್ನೇ ನೋಡುತ್ತಾ ನಿಂತಿರುತ್ತೇನೆ.

ನಿನ್ನ ಗೆಳೆಯ