ಹಳೇ ಕಾರು: ಫೋಟೋ ನೋಡಿ ಅಡ್ವಾನ್ಸ್ ಹಾಕಬೇಡಿ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ದಿನಾ ನಾಲ್ಕೈದು ಅಂಬಾಸಿಡರ್, ಪದ್ಮಿನಿ ಕಾರು ಮಾರಾಟದ ಲಿಂಕ್ ಬರುತ್ತಿವೆ. ಸಂತೋಷ. ಆದರೆ ಸ್ವಲ್ಪ ತಡೆಯಿರಿ.

ಹೋದ ತಿಂಗಳು ಶಿರಾ ಕಡೆ ಒಂದು ಪದ್ಮಿನಿ ನೋಡಲು ಹೋಗಿದ್ದೆ. ಫೋಟೋದಲ್ಲಿ ಮದುಮಗಳ ಹಾಗಿತ್ತು. ಡ್ರೈವರ್ ಕಾಲಡಿಯ ಹೊಸ ಮ್ಯಾಟ್ ಎತ್ತಿದರೆ ತೂತಿನಲ್ಲಿ ನೆಲದ ಮಣ್ಣು ಕಾಣಿಸಿತು! ಜೇಬಿನಲ್ಲಿದ್ದ ಅಯಸ್ಕಾಂತವನ್ನು ಬಾಗಿಲಿನ ಕೆಳತುದಿಗೆ ಹಿಡಿದೆ, ಅಂಟಲೇ ಇಲ್ಲ. ತಗಡು ಹೋದ ಕಡೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದ್ದರು. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಮಾಡಿಸಬಹುದು, ತುಕ್ಕು ಮಾತ್ರ ದುಡ್ಡು ತಿನ್ನುತ್ತಲೇ ಇರುತ್ತದೆ. ಹಾಗಾಗಿ ಗಾಡಿಯ ತಳದ ಫೋಟೋ, ಮ್ಯಾಟ್ ಎತ್ತಿದ ಫೋಟೋ ಮೊದಲು ಕೇಳಿ. ಕೊಡಲು ಸತಾಯಿಸಿದರೆ ಬಿಟ್ಟುಬಿಡಿ.

ಆರ್‌ಸಿ (ನೋಂದಣಿ ಪತ್ರ) ಕೂಡ ನೋಡಿ. 15 ವರ್ಷ ಆದಮೇಲೆ 5 ವರ್ಷಕ್ಕೊಮ್ಮೆ ರಿನ್ಯೂವಲ್ ಆಗಿರಬೇಕು. ಅದರಲ್ಲಿರುವ ಚಾಸಿ ನಂಬರ್ (ಗಾಡಿಯ ಚೌಕಟ್ಟಿನ ಗುರುತಿನ ಸಂಖ್ಯೆ) ಗಾಡಿಯ ಮೇಲೂ ಅದೇ ಇದೆಯಾ ನೋಡಿ. ಹೊರರಾಜ್ಯದ ಗಾಡಿ ಅಗ್ಗ ಅನ್ನಿಸುತ್ತದೆ, ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ ಸೇರಿಸಿದರೆ ಲೆಕ್ಕವೇ ಬೇರೆ. ನಮ್ಮ ತುಮಕೂರಿನ ಕೆಎ 06 ನಂಬರಿನದೇ ಸಿಕ್ಕರೆ ಓಡಾಟ ಕಡಿಮೆ, ಅಲ್ವಾ?

ಸುಮ್ನೆ 'ವಿಂಟೇಜ್' ಅಂತ ಬರೆದು ರೇಟು ಏರಿಸುವವರು ಜಾಸ್ತಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪದಲ್ಲೇ ಇದ್ದರೆ ಮಾತ್ರ ವಿಂಟೇಜ್. ಹಾಗೆ ನೋಂದಾಯಿಸಿದ ಕಾರನ್ನು ದಿನಾ ಓಡಿಸುವ ಹಾಗಿಲ್ಲ. ಅಂಬಾಸಿಡರ್ 2014ರವರೆಗೂ ತಯಾರಾಗಿದೆ, ಎಲ್ಲವೂ ಅಜ್ಜನ ಕಾಲದ್ದಲ್ಲ.

ನೋಡಲು ಒಬ್ಬರೇ ಹೋಗಬೇಡಿ. ಭಾನುವಾರ ಆದರೆ ಹೇಳಿ, ಅಯಸ್ಕಾಂತ ತಗೊಂಡು ನಾನೂ ಬರುತ್ತೇನೆ.