ಗಿಡ್ಡ ಕಪ್ಪೆಗೊಂದು ಹಣತೆ

ಕೋಲಾರ
ಭಾನುವಾರ ರಾತ್ರಿ

ಪ್ರೀತಿಯ ಮಂಜು,

ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು. "ಮಗಳು ಆ ಪುಟ್ಟ ಕಪ್ಪೆ ಬೇಕು ಅಂತ ಹಟ ಹಿಡಿದಿದ್ದಾಳೆ ಕಣೋ, ಸಾಕೋದು ಸುಲಭನಾ?" ನಾನು ಸುಲಭ ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಮನಸ್ಸು ಒಪ್ಪಲಿಲ್ಲ. ಸುಲಭ ಅಂದುಕೊಂಡೇ ನಾನು ಒಂದನ್ನು ಸಾಯಿಸಿದ್ದೆ. ನಿನಗೆ ಹೇಳಿರಲಿಲ್ಲ, ಅಷ್ಟೇ.

ಹೋದ ವರ್ಷ ಬೆಂಗಳೂರಿಗೆ ಹೋದಾಗ ಒಂದು ಸಾಕುಮೀನಿನ ಅಂಗಡಿಯಲ್ಲಿ ಮೂರು ಗಿಡ್ಡ ಕಪ್ಪೆ ತಂದೆ, ಇಂಗ್ಲಿಷಿನಲ್ಲಿ ಆಫ್ರಿಕನ್ ಡ್ವಾರ್ಫ್ ಫ್ರಾಗ್ ಅನ್ನುತ್ತಾರೆ. ಕಂದು ಮೈ, ಮೇಲೆ ಕಪ್ಪು ಚುಕ್ಕೆ. ದೊಡ್ಡವಾದರೂ ಮೂರು ನಾಲ್ಕು ಸೆಂಟಿಮೀಟರ್ ದಾಟುವುದಿಲ್ಲ. ಮನೆಯಲ್ಲಿ ಆಗಲೇ ಗಪ್ಪಿ ಮೀನಿನ ಟ್ಯಾಂಕ್ ಇತ್ತಲ್ಲ. "ಅದ್ರಲ್ಲೇ ಬಿಡಿ ಸಾರ್, ಮೀನು ತಿಂದು ಮಿಕ್ಕಿದ್ದನ್ನ ತಿನ್ಕೊಂಡು ಇರ್ತವೆ" ಅಂದ ಅಂಗಡಿಯವನು. ನನಗೂ ಅದೇ ಬೇಕಿತ್ತು.

ಅಮ್ಮ ಕವರ್ ನೋಡಿ, "ಮಳೆ ಬಂದ್ರೆ ತಾವಾಗೇ ಮನೆಯೊಳಕ್ಕೆ ಬರ್ತವೆ. ಇದಕ್ಕೆ ದುಡ್ಡು ಬೇರೆ ಕೊಟ್ಯಾ?" ಅಂದರು. ಇವು ನಮ್ಮ ಕಡೆಯವಲ್ಲ, ಆಫ್ರಿಕಾದ ಕ್ಯಾಮರೂನ್, ಕಾಂಗೋ ಕಡೆಯವು ಅಂತ ವಿವರಿಸಿದೆ. ನಮ್ಮ ಕಪ್ಪೆಗಳ ಹಾಗೆ ದಡಕ್ಕೆ ಬರುವುದಿಲ್ಲ, ಬದುಕೆಲ್ಲ ನೀರಿನಲ್ಲೇ. ಆದರೆ ಉಸಿರಾಡುವುದು ಶ್ವಾಸಕೋಶದಿಂದ. ಆಗಾಗ ಬಾಣದ ಹಾಗೆ ಮೇಲಕ್ಕೆ ಹೋಗಿ ಒಂದು ಗುಟುಕು ಗಾಳಿ ತಗೊಂಡು ಮತ್ತೆ ತಳಕ್ಕೆ ಇಳಿಯುತ್ತವೆ. ಕೆಲವು ಸಲ ನಾಲ್ಕೂ ಕಾಲು ಚಾಚಿ ನೀರಿನ ಮೇಲೆ ಅಲ್ಲಾಡದೆ ತೇಲುತ್ತವೆ. ಮೊದಲ ಸಲ ನೋಡಿದಾಗ ಸತ್ತೇ ಹೋಯಿತು ಅಂದುಕೊಂಡೆ. ಅಪ್ಪ ಪೇಪರಿನಿಂದ ತಲೆ ಎತ್ತಿ, "ಶವಾಸನ ಕಣೋ" ಅಂದರು.

ಒಂದೂವರೆ ತಿಂಗಳು ಎಲ್ಲ ಚೆನ್ನಾಗಿದೆ ಅಂತಲೇ ನಂಬಿದ್ದೆ. ಬೆಳಿಗ್ಗೆ ಸಂಜೆ ಮೀನಿನ ಫುಡ್ ಹಾಕುತ್ತಿದ್ದೆ. ಗಪ್ಪಿಗಳು ನುಗ್ಗಿ ತಿನ್ನುತ್ತಿದ್ದವು. ಕಪ್ಪೆಗಳು ತಳದಲ್ಲಿ ಸುಮ್ನೆ ಕೂತಿರುತ್ತಿದ್ದವು. ಎಂಥ ಸಾಧು ಪ್ರಾಣಿ ಅಂತ ಬಂದವರಿಗೆಲ್ಲ ತೋರಿಸುತ್ತಿದ್ದೆ.

ಅಮ್ಮನೇ ಒಂದು ದಿನ ಗಾಜಿಗೆ ಕಣ್ಣಿಟ್ಟು ನೋಡಿ, "ಲೋ, ಇದಕ್ಕೆ ಸೊಂಟದ ಮೂಳೆ ಕಾಣ್ತಿದೆ. ಇದು ಉಪವಾಸ ಇದೆ" ಅಂದರು. ಅಮ್ಮ ಸೀಮೆಹಸು ಸಾಕಿದವರು. ಅದಕ್ಕಿಂತ ಮುಂಚೆ ಹಳ್ಳಿಯಲ್ಲಿ ವರ್ಷಗಟ್ಟಲೆ ರೇಷ್ಮೆ ಹುಳು ಮೇಯಿಸಿದವರು. ಮಾತಾಡದ ಪ್ರಾಣಿಯ ಹೊಟ್ಟೆ ನೋಡುವುದು ಅವರಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ. "ಕಪ್ಪೆ ಅಲ್ವಾ ಅಮ್ಮ, ಇರೋದೇ ಹಾಗೆ" ಅಂದೆ. ನಾಲ್ಕನೇ ದಿನಕ್ಕೆ ಅದು ಸತ್ತಿತು. ಅಂಗೈ ಮೇಲೆ ಇಟ್ಟುಕೊಂಡರೆ ತೂಕವೇ ಇರಲಿಲ್ಲ.

ಆಮೇಲೆ ಓದಿಕೊಂಡೆ. ಇವುಗಳ ದೃಷ್ಟಿ ಬಹಳ ಮಂದ. ವಾಸನೆ ಹಿಡಿದು ಹುಡುಕಿಕೊಂಡು ಬರಬೇಕು. ಈ ಜಾತಿಗೆ ನಾಲಿಗೆಯೇ ಇಲ್ಲ. ಬಾಯಿ ತೆರೆದು ನೀರಿನ ಜೊತೆ ಆಹಾರವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಎಷ್ಟೋ ಸಲ ಗುರಿ ತಪ್ಪಿ ಪಕ್ಕದವನ ಕಾಲನ್ನೇ ಕಚ್ಚುತ್ತವೆ. ಅಷ್ಟು ಹೊತ್ತಿಗೆ ಗಪ್ಪಿಗಳು ಊಟ ಮುಗಿಸಿ ಕೈ ತೊಳೆದಿರುತ್ತವೆ! ಮೀನಿಗೆ ಹಾಕುವ ಒಣ ಫುಡ್ಡು ಇವಕ್ಕೆ ರುಚಿಸುವುದೂ ಕಡಿಮೆ. ಹುಳುವಿನಂಥದ್ದೇ ಬೇಕು.

ಈಗ ಉಳಿದ ಎರಡಕ್ಕೆ ಬೇರೆ ಟ್ಯಾಂಕ್. 40 ಲೀಟರಿನದು. ನೀರಿನ ಆಳ ಒಂದು ಅಡಿಗೆ ಸ್ವಲ್ಪ ಕಡಿಮೆ. ಆಳ ಜಾಸ್ತಿಯಾದರೆ ಪಾಪ, ಪ್ರತಿ ಉಸಿರಿಗೂ ಅಷ್ಟು ದೂರ ಈಜಬೇಕು. ಫ್ರೀಜ್ ಮಾಡಿದ ಬ್ಲಡ್‌ವರ್ಮ್ ಅನ್ನುವ ಸಣ್ಣ ಕೆಂಪು ಹುಳು ತರುತ್ತೇನೆ, ಚಾಕೊಲೇಟ್ ತುಂಡಿನ ಹಾಗೆ ಚೌಕ ಚೌಕವಾಗಿ ಸಿಗುತ್ತದೆ. ನಮ್ಮದು ಮೊಟ್ಟೆಯೂ ಬಾರದ ಮನೆ. ಅದನ್ನು ಫ್ರಿಜ್ಜಿನಲ್ಲಿ ಇಡುವುದಕ್ಕೆ ಮೂರು ದಿನ ಮಾತುಕತೆ ನಡೆಯಿತು. ಕೊನೆಗೆ ಎರಡು ಡಬ್ಬಿಯೊಳಗೆ ಡಬ್ಬಿ ಹಾಕಿ, ಮೇಲೆ "ಕಪ್ಪೆ" ಅಂತ ಬರೆದ ಮೇಲೆ ಒಪ್ಪಿಗೆ ಸಿಕ್ಕಿತು. ಐಸ್‌ಕ್ರೀಮ್ ಹುಡುಕುವ ನೆಂಟರು ಮಾತ್ರ ಬೆಚ್ಚಿಬೀಳುತ್ತಾರೆ.

ಹಣತೆಯ ಉಪಾಯ ಅಮ್ಮನದೇ. ಹುಳು ತಳದಲ್ಲೆಲ್ಲ ಚದುರಿ ಕೊಳೆಯುತ್ತಿತ್ತು, ನೀರು ಕೆಡುತ್ತಿತ್ತು. ಎಣ್ಣೆ ಕಾಣದ ಹೊಸ ಮಣ್ಣಿನ ಹಣತೆ ಒಂದನ್ನು ತೊಳೆದು ಕೊಟ್ಟು, "ತಟ್ಟೆ ಇಲ್ದೆ ಉಣ್ಣೋಕೆ ಹೇಳಿದ್ರೆ ಎಲ್ಲಿ ಉಣ್ತವೆ?" ಅಂದರು. ಅದನ್ನು ಯಾವಾಗಲೂ ಒಂದೇ ಮೂಲೆಯಲ್ಲಿ ಇಡುತ್ತೇನೆ. ಹುಳುವನ್ನು ಲೋಟದಲ್ಲಿ ಕರಗಿಸಿ, ಡ್ರಾಪರಿನಿಂದ ಹಣತೆಯೊಳಕ್ಕೇ ಬಿಡುತ್ತೇನೆ. ಎರಡು ವಾರ ಹಿಡಿಯಿತು. ಈಗ ಗಾಜಿಗೆ ಎರಡು ಸಲ ಮೆಲ್ಲಗೆ ತಟ್ಟಿದರೆ ಸಾಕು, ಎರಡೂ ಬಂದು ಹಣತೆಯ ಅಂಚಿಗೆ ಗದ್ದ ಇಟ್ಟು ಕಾಯುತ್ತವೆ. ದಿನ ಬಿಟ್ಟು ದಿನ ಊಟ. ಹೊಟ್ಟೆ ಕೊಂಚ ಉಬ್ಬಿದರೆ ಸಾಕು ಅಂತ ಲೆಕ್ಕ.

ಇನ್ನೊಂದು ಕತೆ ಹೇಳಲೇಬೇಕು. ಒಂದು ರಾತ್ರಿ ದೊಡ್ಡ ಕಪ್ಪೆಯ ಮೈಮೇಲೆ ಬಿಳಿ ಬಿಳಿ ಪೊರೆ ಕಂಡಿತು. ಫಂಗಸ್ ಅಂದುಕೊಂಡು ಮೀನಿಗೆ ಹಾಕುವ ಔಷಧಿ ಬಾಟಲಿ ಕೈಗೆ ತಗೊಂಡೆ. ಅಮ್ಮ, "ತಡಿ, ಜ್ವರಕ್ಕೆ ಕೂತಿರ್ಬೇಕು" ಅಂದರು. ನಿಮ್ಮ ಕಡೆಯೂ ರೇಷ್ಮೆ ಇದೆಯಲ್ಲ, ನಿನಗೆ ಗೊತ್ತಿರುತ್ತದೆ. ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಹತ್ತು ನಿಮಿಷ ಕಾದೆವು. ಕಪ್ಪೆ ಅಂಗಿ ಬಿಚ್ಚುವ ಹಾಗೆ ಪೊರೆಯನ್ನು ಕಾಲಿನಿಂದ ಎಳೆದು, ನಿಧಾನಕ್ಕೆ ತಾನೇ ತಿಂದು ಮುಗಿಸಿತು! ಔಷಧಿ ಹಾಕಿದ್ದರೆ ಏನಾಗುತ್ತಿತ್ತೋ. ಕಪ್ಪೆಯ ಚರ್ಮ ನೀರಿನಲ್ಲಿ ಇರುವ ಎಷ್ಟೋ ವಸ್ತುಗಳನ್ನು ಹೀರಿಕೊಳ್ಳುತ್ತದೆ. ತಾಮ್ರ ಇರುವ ಮೀನಿನ ಔಷಧಿ, ಉಪ್ಪು, ಕೈಯ ಸೋಪು, ಸೊಳ್ಳೆಗೆ ಹೊಡೆಯುವ ಸ್ಪ್ರೇ, ಯಾವುದೂ ಆಗಬಾರದು. ರೇಷ್ಮೆ ಹುಳು ಮನೆಯ ಶಿಸ್ತನ್ನೇ ಅಮ್ಮ ಈಗ ನಡುಮನೆಯಲ್ಲೂ ಜಾರಿಗೆ ತಂದಿದ್ದಾರೆ. ಹೀಟರ್ ಹಾಕಿಸಿದ್ದೂ ಅವರೇ. ಡಿಸೆಂಬರಿನಲ್ಲಿ ನೀರು 19 ಡಿಗ್ರಿಗೆ ಇಳಿದಿತ್ತು. "ಚಾಕಿ ಮನೆಗೆ ಕೆಂಡ ಇಡ್ತಿರ್ಲಿಲ್ವಾ?" ಅಂದರು, ಎಳೆ ರೇಷ್ಮೆ ಹುಳು ಸಾಕುವ ಕೋಣೆ ನೆನೆದು. ಈಗ 25ರ ಹತ್ತಿರ ಇರುತ್ತದೆ.

ನೀರಿನ ವಿಷಯ. ನಮ್ಮದು ಬೋರ್‌ವೆಲ್ ನೀರು, ಗಡಸು, ಗಾಜಿನ ಮೇಲೆ ಬಿಳಿ ಗೆರೆ ಬಿಡುತ್ತದೆ. ಕಪ್ಪೆಗಳು ಹೊಂದಿಕೊಂಡಿವೆ. ನಿಮಗೆ ಬರುವುದು ನಲ್ಲಿ ನೀರು, ಕ್ಲೋರಿನ್ ಹಾಕಿರುತ್ತಾರೆ. ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ಒಂದು ಚೊಂಬೂ ಸುರಿಯಬೇಡ. ಟ್ಯಾಂಕಿಗೆ ಮುಚ್ಚಳ ಖಂಡಿತ ಬೇಕು. ಹಾರಿ ಹೊರಗೆ ಬಿದ್ದರೆ ಬೇಗನೆ ಒಣಗಿ ಸಾಯುತ್ತವೆ. ಸಣ್ಣ ಕಲ್ಲು ಹಾಕಬೇಡ, ನುಂಗುತ್ತವೆ. ಮರಳು ಒಳ್ಳೆಯದು.

ಅಂಗಡಿಯಲ್ಲಿ ಮುಂಗಾಲು ನೋಡಿ ತಗೋ. ಮುಂಗಾಲಿನ ಬೆರಳುಗಳ ನಡುವೆಯೂ ಪೊರೆ ಇದ್ದರೆ ಗಿಡ್ಡ ಕಪ್ಪೆ. ಬೆರಳು ಬಿಡಿಬಿಡಿಯಾಗಿದ್ದರೆ ಅದು ಅದರ ದಾಯಾದಿ, ಉಗುರಿನ ಕಪ್ಪೆ. ಮರಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಉಗುರಿನ ಕಪ್ಪೆ ಹತ್ತು ಸೆಂಟಿಮೀಟರ್ ದಾಟಿ ಬೆಳೆದು, ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಬೆಳ್ಳಗಿರುವುದನ್ನು ಕಂಡರೆ ಮೊದಲು ಅನುಮಾನ ಪಡು.

ನೀನು ತಮಾಷೆಗೆ, "ಸಾಕಾದ್ರೆ ಅಮಾನಿಕೆರೆಗೆ ಬಿಟ್ಟುಬಿಡೋಣ" ಅಂದೆಯಲ್ಲ, ಅದು ಮಾತ್ರ ಬೇಡ. ಕಪ್ಪೆಗಳಿಗೆ ಚರ್ಮದ ಫಂಗಸ್ ರೋಗ ಒಂದಿದೆ, ಕೈಟ್ರಿಡ್ ಅಂತ. ಲೋಕದಾದ್ಯಂತ 90ರಷ್ಟು ಉಭಯಚರ ಜಾತಿಗಳು ಅದರಿಂದ ಅಳಿದಿರಬಹುದು ಅಂತ ವಿಜ್ಞಾನಿಗಳ ಲೆಕ್ಕ. ಸಾಕುವ ಕಪ್ಪೆಗಳ ಮೈಯಲ್ಲೂ ಅದು ಇರಬಹುದು. ಟ್ಯಾಂಕಿನ ನೀರನ್ನೂ ನಾನು ಕೆರೆ, ಚರಂಡಿಗೆ ಬಿಡುವುದಿಲ್ಲ. ಇವು ಐದು ವರ್ಷ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಜಾಸ್ತಿ ಬದುಕುತ್ತವೆ. ಅಷ್ಟಕ್ಕೆ ತಯಾರಿದ್ದರೆ ಮಾತ್ರ ತಗೋ.

ಮಗಳಿಗೆ ಇನ್ನೂ ನಾಲ್ಕು ವರ್ಷ ಅಲ್ವಾ? ನಿನಗೆ ಮತ್ತೆ ಪತ್ರ ಬರೆಯಲು ಮುಖ್ಯ ಕಾರಣ ಅದೇ. ಅಮೆರಿಕದಲ್ಲಿ 2008ರಿಂದ 2011ರವರೆಗೆ ಈ ಗಿಡ್ಡ ಕಪ್ಪೆಗಳಿಂದ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ರೋಗಾಣು ಹರಡಿ 370ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಹೆಚ್ಚಿನವರು ಸಣ್ಣ ಮಕ್ಕಳು. ಕಪ್ಪೆ ಆರೋಗ್ಯವಾಗಿ ಕಂಡರೂ ರೋಗಾಣು ಇರಬಹುದು. ಅವಳು ನೋಡಲಿ, ಗಾಜು ತಟ್ಟಲಿ, ನೀರಿಗೆ ಕೈ ಹಾಕುವುದು ಬೇಡ. ಟ್ಯಾಂಕ್ ಸಾಮಾನನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡ. ಇದು ಕೈಗೆ ಎತ್ತಿಕೊಂಡು ಮುದ್ದು ಮಾಡುವ ಪ್ರಾಣಿ ಅಲ್ಲ ಅಂತ ಮೊದಲೇ ಹೇಳಿಬಿಡು.

ಆದರೂ ಅವಳಿಗೆ ಒಂದು ಖುಷಿ ಇದೆ. ಗಂಡು ಕಪ್ಪೆ ರಾತ್ರಿ ಹಾಡುತ್ತದೆ. ವಟವಟ ಅಲ್ಲ, ದೂರದಲ್ಲಿ ಯಾರದೋ ಮನೆಯ ಮಿಕ್ಸಿ ಸಣ್ಣಗೆ ಗುಂಯ್‌ಗುಟ್ಟಿದ ಹಾಗೆ. ಗಂಡಿನ ಮುಂಗಾಲಿನ ಹಿಂದೆ, ಕಂಕುಳ ಹತ್ತಿರ, ಬಿಳಿ ಚುಕ್ಕೆಯಂಥ ಗುಳ್ಳೆ ಇರುತ್ತದೆ. ಅದನ್ನು ನೋಡಿ ಗುರುತು ಹಿಡಿ. ಮಾರ್ಚಿ ತಿಂಗಳು, ಮೋಡದ ಸುಳಿವಿಲ್ಲ, ನಮ್ಮದು ಶುರು ಮಾಡಿತು. ಅಮ್ಮ ನಿದ್ದೆಗಣ್ಣಲ್ಲಿ ಎದ್ದು ಹೋಗಿ ಮಾಳಿಗೆ ಮೇಲೆ ಒಣಗಲು ಹಾಕಿದ್ದ ಹಪ್ಪಳ ತೆಗೆದುಕೊಂಡು ಬಂದರು.

ಈಗಲೇ ಕಪ್ಪೆ ತರಬೇಡ. ಟ್ಯಾಂಕಿಗೆ ನೀರು ತುಂಬಿ, ಫಿಲ್ಟರ್ ಹಾಕಿ, ಚಿಟಿಕೆ ಮೀನಿನ ಫುಡ್ ಉದುರಿಸಿ ನಾಲ್ಕೈದು ವಾರ ಖಾಲಿ ಓಡಿಸು. ಕೊಳೆಯಿಂದ ಬರುವ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅಷ್ಟರಲ್ಲಿ ಬೆಳೆದಿರುತ್ತದೆ. ಬರುವ ತಿಂಗಳು ತುಮಕೂರಿಗೆ ಬರುತ್ತೇನೆ. ನನ್ನ ಫಿಲ್ಟರಿನ ಹಳೇ ಸ್ಪಂಜಿನ ಒಂದು ತುಂಡು ನೀರಿನಲ್ಲಿ ಹಾಕಿ ತರುತ್ತೇನೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ ನಿನ್ನ ಟ್ಯಾಂಕಿಗೆ. ಹಣತೆಯನ್ನು ಅಮ್ಮ ಈಗಲೇ ತೊಳೆದು ಎತ್ತಿಟ್ಟಿದ್ದಾರೆ.

ನಿನ್ನ,
ಗೋಪಿ