ವರ್ತಕರ ಮನವಿಯನ್ನು ಊರಿನವರೂ ಓದುವಂತಾಗಲಿ

ಸಂಪಾದಕರಿಗೆ,

ಮಾನ್ಯರೆ,

ವ್ಯಾಪಾರಿಗಳು ಸಂಘ ಕಟ್ಟಿಕೊಂಡು ಸರ್ಕಾರದ ಮುಂದೆ ಬೇಡಿಕೆ ಇಡುವುದನ್ನು ಅನುಮಾನದಿಂದ ನೋಡುವವರ ಗುಂಪಿಗೆ ನಾನು ಸೇರಿದವನಲ್ಲ. ವರ್ತಕರ ಅಭಿಪ್ರಾಯ ಒಂದೆಡೆ ಕೂಡಿ ಆಡಳಿತಕ್ಕೆ ತಲುಪಬೇಕೆಂಬುದು ಈ ನಾಡಿನಲ್ಲಿ ಹಳೆಯ ವಿಚಾರ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಅವರದೇ ಪ್ರೇರಣೆಯಿಂದ, 1916ರಲ್ಲಿ ಆರಂಭವಾದ ಅಂದಿನ ಮೈಸೂರು ಸಂಸ್ಥಾನದ ವಾಣಿಜ್ಯ ಮಂಡಳಿಯೇ ಇಂದಿನ ರಾಜ್ಯ ವಾಣಿಜ್ಯೋದ್ಯಮ ಮಹಾಮಂಡಳಿಯ ಮೂಲ. ದಾವಣಗೆರೆಯಂತೂ ವರ್ತಕರಿಂದಲೇ ಬೆಳೆದ ಊರು. ಹತ್ತಿಯ ಗಿರಣಿಗಳಿದ್ದ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದರು. ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೂ ಮೆಕ್ಕೆಜೋಳ, ಅಕ್ಕಿ, ಜವಳಿ ಮತ್ತು ಮಂಡಕ್ಕಿಯ ವಹಿವಾಟು ಊರನ್ನು ನಡೆಸಿಕೊಂಡು ಬಂದಿದೆ. ಚಿಗಟೇರಿ ಆಸ್ಪತ್ರೆ, ರಾಜನಹಳ್ಳಿ ಹನುಮಂತಪ್ಪನವರ ಛತ್ರ ಎಂದು ನಾವು ದಿನವೂ ಹೇಳುವ ಹೆಸರುಗಳು ಊರಿಗೆ ಕೊಟ್ಟವರ ಹೆಸರುಗಳು. ಕೊಡುವ ಈ ಪರಂಪರೆ ಇರುವುದರಿಂದಲೇ ಇಲ್ಲಿನ ವರ್ತಕ ಸಂಘಗಳ ಮಾತಿಗೆ ಅಧಿಕಾರಿಗಳ ಕೊಠಡಿಯಲ್ಲಿ ಬೆಲೆಯಿದೆ.

ಬೆಲೆಯಿರುವುದರಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಮಂಡಿಪೇಟೆ, ಚೌಕಿಪೇಟೆಯ ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬು. ತೆರಿಗೆ, ವಿದ್ಯುತ್ ದರ, ಪರವಾನಗಿ ಶುಲ್ಕ, ರಸ್ತೆ ವಿಸ್ತರಣೆ ಹೀಗೆ ಯಾವ ವಿಷಯದಲ್ಲಿ ನಿಯಮ ಬದಲಾದರೂ ಅದರ ಪರಿಣಾಮ ಮೊದಲು ಕಾಣುವುದು ಈ ಅಂಗಡಿಗಳ ಖಾತೆ ಪುಸ್ತಕದಲ್ಲಿ. ಆದರೆ ಆ ಬದಲಾವಣೆಯ ಪರವಾಗಿಯೋ ವಿರೋಧವಾಗಿಯೋ ತಮ್ಮ ಹೆಸರಿನಲ್ಲಿ ಸಲ್ಲಿಕೆಯಾದ ಮನವಿಯಲ್ಲಿ ಏನು ಬರೆದಿತ್ತು ಎಂಬುದು ಆ ಅಂಗಡಿಯವರಿಗೇ ತಿಳಿದಿರುವುದಿಲ್ಲ. ಸಂಘಗಳು ಸಲ್ಲಿಸುವ ಮನವಿಗಳು ಬಹಿರಂಗವಾಗಬೇಕು, ಮತ್ತು ಅವು ನಿರ್ಧಾರಕ್ಕೆ ಮುಂಚೆ ಸಲ್ಲಿಕೆಯಾಗಬೇಕು ಎಂಬುದೇ ನನ್ನ ಕೋರಿಕೆ.

ಮನವಿ ಸಲ್ಲಿಸುವ ಹೊತ್ತಿನ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2023ರ ಮೇ 12ರಂದು ಯೂನಿಟ್ಟಿಗೆ ಸರಾಸರಿ 70 ಪೈಸೆ ದರ ಏರಿಸಿ, ಅದನ್ನು ಏಪ್ರಿಲ್ 1ರಿಂದಲೇ ಅನ್ವಯಿಸಿತು. ಜೂನ್ ತಿಂಗಳಲ್ಲಿ ಬಿಲ್ ಕೈಗೆ ಬಂದಾಗ ಉದ್ಯಮಿಗಳು ದಿಗಿಲುಗೊಂಡರು. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆಯ ಕರೆಯಂತೆ ಜೂನ್ 22ರಂದು ರಾಜ್ಯದ ಹಲವೆಡೆ ಉದ್ಯಮಗಳು ಬಂದ್ ಆದವು. ಅವರ ಸಂಕಟ ನಿಜವಾದದ್ದೇ ಆಗಿತ್ತು. ಆದರೆ ವಿದ್ಯುತ್ ದರ ಒಂದು ರಾತ್ರಿಯಲ್ಲಿ ನಿರ್ಧಾರವಾಗುವ ಸಂಗತಿಯಲ್ಲ. ನಮ್ಮ ಜಿಲ್ಲೆಗೂ ಚಿತ್ರದುರ್ಗಕ್ಕೂ ವಿದ್ಯುತ್ ಪೂರೈಸುವ ಬೆಸ್ಕಾಂ ತನ್ನ ಪ್ರಸ್ತಾವವನ್ನು ತಿಂಗಳುಗಳ ಮುಂಚೆಯೇ ಆಯೋಗಕ್ಕೆ ಸಲ್ಲಿಸಬೇಕು, ಅದರ ಸಾರಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು, ಆಯೋಗ ಸಾರ್ವಜನಿಕ ವಿಚಾರಣೆ ನಡೆಸಬೇಕು, ಬಂದ ಆಕ್ಷೇಪಣೆಗಳಿಗೆ ತನ್ನ ಆದೇಶದಲ್ಲಿ ಉತ್ತರ ಬರೆಯಬೇಕು. ವಿದ್ಯುಚ್ಛಕ್ತಿ ಕಾಯ್ದೆ 2003 ಇಷ್ಟು ಅವಕಾಶ ಕೊಟ್ಟಿರುವಾಗ, ಅಂಕಿಅಂಶಗಳೊಂದಿಗೆ ಆ ವಿಚಾರಣೆಯ ಮುಂದೆ ನಿಂತು ಮಾಡಿದ ವಾದ ಅಂಗಡಿ ಮುಚ್ಚಿದ ಒಂದು ದಿನಕ್ಕಿಂತ ಹೆಚ್ಚು ದೂರ ಹೋಗುತ್ತದೆ. 2024ರ ಫೆಬ್ರುವರಿಯ ಆದೇಶದಲ್ಲಿ ಆಯೋಗ ವಾಣಿಜ್ಯ ಮತ್ತು ಕೈಗಾರಿಕಾ ಬಳಕೆಯ ದರವನ್ನು ಇಳಿಸಿತು ಎಂಬುದನ್ನೂ ನೆನಪಿಸಿಕೊಳ್ಳಬೇಕು. ದರ ಏರಿದಂತೆ ಇಳಿಯಲೂ ಬಲ್ಲದು. ಅದಕ್ಕೆ ಬೇಕಾದ ಲೆಕ್ಕವನ್ನು ಯಾರಾದರೂ ಕುಳಿತು ಮಾಡಬೇಕು.

ಮಂಡಕ್ಕಿಯ ಸಂಗತಿ ನಮಗೆ ಇನ್ನೂ ಹತ್ತಿರದ್ದು. 2022ರ ಜುಲೈ 18ರಿಂದ, ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ 25 ಕೆ.ಜಿ.ವರೆಗಿನ ಅಕ್ಕಿ, ಬೇಳೆ, ಹಿಟ್ಟು, ಮಂಡಕ್ಕಿಗಳ ಮೇಲೆ ಶೇ 5ರ ಜಿಎಸ್‌ಟಿ ಬಂತು. ಅದಕ್ಕೆ ಮುಂಚೆ ನೋಂದಾಯಿತ ಬ್ರ್ಯಾಂಡ್‌ಗಳಿಗೆ ಮಾತ್ರ ಇದ್ದ ತೆರಿಗೆಯಿಂದ ತಪ್ಪಿಸಿಕೊಳ್ಳಲು ಕೆಲವು ದೊಡ್ಡ ತಯಾರಕರು ಬ್ರ್ಯಾಂಡಿನ ಹಕ್ಕನ್ನೇ ಬಿಟ್ಟುಕೊಟ್ಟಂತೆ ತೋರಿಸುತ್ತಿದ್ದರೆಂಬುದು ಈ ಬದಲಾವಣೆಗೆ ಕೊಟ್ಟ ಕಾರಣ. ದೊಡ್ಡವರು ಕಂಡುಕೊಂಡ ಸಂದಿಯನ್ನು ಮುಚ್ಚಲು ಹೊರಟ ನಿಯಮ ಮಂಡಕ್ಕಿ ಹುರಿಯುವ ನಮ್ಮ ಭಟ್ಟಿಗಳ ಪೊಟ್ಟಣದ ಮೇಲೂ ಬಿತ್ತು. ಅಕ್ಕಿ ಗಿರಣಿಗಳವರು, ದಿನಸಿ ವರ್ತಕರು ಆ ಜುಲೈನಲ್ಲಿ ವಹಿವಾಟು ನಿಲ್ಲಿಸಿ ಪ್ರತಿಭಟಿಸಿದರು. ಆದರೆ ಆ ಶಿಫಾರಸು ರೂಪುಗೊಂಡದ್ದು 2021ರ ಸೆಪ್ಟೆಂಬರ್‌ನಲ್ಲಿ ರಚನೆಯಾದ ಸಚಿವರ ಗುಂಪಿನಲ್ಲಿ, ಮತ್ತು ಅದರ ಸಂಚಾಲಕರಾಗಿದ್ದವರು ಆಗಿನ ನಮ್ಮ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು. ಜೂನ್ ಕೊನೆಯಲ್ಲಿ ಚಂಡೀಗಡದಲ್ಲಿ ಜಿಎಸ್‌ಟಿ ಮಂಡಳಿ ಒಪ್ಪಿಗೆ ಕೊಡುವವರೆಗಿನ ಅಷ್ಟೂ ತಿಂಗಳು ವಿಷಯ ನಮ್ಮದೇ ರಾಜಧಾನಿಯ ಮೇಜಿನ ಮೇಲಿತ್ತು. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ, ಇಲ್ಲಿನ ಮಂಡಕ್ಕಿ ಭಟ್ಟಿಗಳು ಮನೆಮಂದಿಯೆಲ್ಲ ಸೇರಿ ನಡೆಸುವ ಸಣ್ಣ ಕಸುಬುಗಳು, ಇವನ್ನು ದೊಡ್ಡ ಬ್ರ್ಯಾಂಡಿನ ಜೊತೆ ಸೇರಿಸಬೇಡಿ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿರಲಿಲ್ಲ. ಅಂಥ ಮನವಿಯೊಂದು ಆಗ ಹೋಗಿತ್ತು ಎನ್ನುವುದಾದರೆ ಭಟ್ಟಿಯವರ ಕೈಗಂತೂ ಅದರ ಪ್ರತಿ ಬಂದಿರಲಿಲ್ಲ.

ಯಾರ ಪರವಾಗಿ ಮಾತನಾಡುತ್ತೇವೆ ಎಂಬ ಪ್ರಶ್ನೆ ಇನ್ನೂ ಕಷ್ಟದ್ದು. ವರ್ತಕರ ಹಿತ ಎಂದು ಒಂದೇ ಪದದಲ್ಲಿ ಹೇಳುವಾಗ ಅದರೊಳಗೆ ಒಂದಕ್ಕೊಂದು ವಿರುದ್ಧವಾದ ಹಿತಗಳು ಇರುತ್ತವೆ, ಮತ್ತು ಸಂಘದ ಪದಾಧಿಕಾರಿಗಳ ಪಟ್ಟಿಯಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಅವುಗಳಲ್ಲಿ ಒಂದು ಗೆಲ್ಲುತ್ತದೆ. ಸಣ್ಣ ತಯಾರಕರಿಗೆ 45 ದಿನಗಳೊಳಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನಗಳೊಳಗೆ, ಹಣ ಪಾವತಿಯಾಗಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಹಾಗೆ ಪಾವತಿಸದ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸಲು ಬಿಡದ 43ಬಿ(ಎಚ್) ಎಂಬ ಕಲಮು 2023ರ ಹಣಕಾಸು ಕಾಯ್ದೆಯ ಮೂಲಕ ಆದಾಯ ತೆರಿಗೆ ಕಾಯ್ದೆಗೆ ಸೇರಿದಾಗ, ದೇಶದ ಜವಳಿ ಸಗಟು ವ್ಯಾಪಾರಿಗಳ ಹಲವು ಸಂಘಟನೆಗಳು ಅದನ್ನು ಮುಂದೂಡಬೇಕೆಂದು ಕೇಳಿದವು. ತಿಂಗಳುಗಟ್ಟಲೆ ಉದ್ದರಿಯ ಮೇಲೆ ನಿಂತ ಬಟ್ಟೆ ವ್ಯಾಪಾರಕ್ಕೆ ಈ ಕಲಮು ಹೊರೆಯೆಂಬುದು ನಾನು ಬರೆಯುವ ಖಾತೆಗಳಿಂದಲೇ ನನಗೆ ಗೊತ್ತು. ಹಳ್ಳಿಯ ಅಂಗಡಿಯವನು ಸುಗ್ಗಿಯ ನಂತರ ಕೊಡುತ್ತೇನೆ ಎಂದಿರುತ್ತಾನೆ, ಸಗಟು ವ್ಯಾಪಾರಿ ಅದನ್ನು ನಂಬಿ ಮಾಲು ಕಳಿಸಿರುತ್ತಾನೆ. ಅದೇ ಹೊತ್ತಿಗೆ ಇದೇ ಜಿಲ್ಲೆಯಲ್ಲಿ ಸಿದ್ಧ ಉಡುಪು ಹೊಲಿದು ಕೊಡುವ, ಯಂತ್ರದ ಬಿಡಿಭಾಗ ಮಾಡಿ ಕೊಡುವ ಸಣ್ಣ ಘಟಕಗಳಿಗೆ ತಮ್ಮ ಹಣ ಸಕಾಲದಲ್ಲಿ ಬರುವಂತೆ ಮಾಡಿದ ಮೊದಲ ಬಲವಾದ ನಿಯಮ ಇದು. ಒಂದೇ ಸಂಸ್ಥೆಯಲ್ಲಿ ಈ ಇಬ್ಬರೂ ಸದಸ್ಯರಾಗಿದ್ದರೆ ಮನವಿ ಯಾರ ಪರ ಹೋಗಬೇಕು? ನನ್ನ ಅಭಿಪ್ರಾಯದಲ್ಲಿ ಎರಡೂ ನಿಲುವುಗಳನ್ನು ದಾಖಲಿಸಿ, ಸದಸ್ಯರಲ್ಲಿ ಈ ವಿಷಯದಲ್ಲಿ ಒಮ್ಮತವಿಲ್ಲ ಎಂದು ಬರೆದು ಕಳಿಸುವುದೇ ಪ್ರಾಮಾಣಿಕವಾದ ದಾರಿ. ಇದರಿಂದ ಸಂಘದ ಬಲ ಕುಗ್ಗುತ್ತದೆಂದು ಹಿರಿಯ ವರ್ತಕರು ಹೇಳುವುದನ್ನು ಕೇಳಿದ್ದೇನೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಒಡಕನ್ನು ಮುಚ್ಚಿಟ್ಟ ಮನವಿಯನ್ನು ಅಧಿಕಾರಿಗಳು ಒಂದೆರಡು ಬಾರಿ ನಂಬುತ್ತಾರೆ, ಆಮೇಲೆ ಅದೇ ಸಂಘದ ನ್ಯಾಯವಾದ ಬೇಡಿಕೆಯನ್ನೂ ಅನುಮಾನಿಸುತ್ತಾರೆ.

ಎಪಿಎಂಸಿಯ ಮಾರುಕಟ್ಟೆ ಶುಲ್ಕದ ವಿಷಯದಲ್ಲೂ ಹೀಗೆಯೇ. ಶುಲ್ಕ ಇಳಿಸಿ ಎಂಬ ವರ್ತಕರ ಬೇಡಿಕೆಗೆ ಕಾರಣಗಳಿವೆ. ಎಪಿಎಂಸಿ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಪ್ರಾಂಗಣದ ಹೊರಗೆ ಶುಲ್ಕವಿಲ್ಲದೆ ಖರೀದಿ ನಡೆಯತೊಡಗಿದಾಗ ಒಳಗೆ ಶುಲ್ಕ ಕಟ್ಟಿ ವ್ಯಾಪಾರ ಮಾಡುವವರು ನಷ್ಟಕ್ಕೆ ಒಳಗಾದರು. ಆದರೆ ಪ್ರಾಂಗಣದ ರಸ್ತೆ, ದೀಪ, ಕುಡಿಯುವ ನೀರು, ರೈತರ ವಿಶ್ರಾಂತಿ ಕೊಠಡಿಗಳು ನಡೆಯುವುದೂ ಅದೇ ಶುಲ್ಕದಿಂದ. ಮಳೆಗೆ ನೆನೆಯುವ ಮೆಕ್ಕೆಜೋಳದ ರಾಶಿಯ ಪಕ್ಕ ನಿಂತ ರೈತನನ್ನಾಗಲಿ ಹಮಾಲರನ್ನಾಗಲಿ ಕೇಳದೆ ಆ ಬೇಡಿಕೆಯನ್ನು ಪೂರ್ತಿ ಬರೆಯಲಾಗದು.

ಸಂಘದ ಸದಸ್ಯತ್ವವೇ ಇಲ್ಲದವರ ಪಾಡು ಏನಾಗುತ್ತದೆಂಬುದನ್ನು 2025ರ ಜುಲೈ ತೋರಿಸಿತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ, ಬೇಕರಿ, ಬೀಡಾ ಅಂಗಡಿ, ತರಕಾರಿ ಗಾಡಿಯವರು ಹೆದರಿ ಕ್ಯೂಆರ್ ಕೋಡ್ ಫಲಕಗಳನ್ನು ತೆಗೆದಿಟ್ಟರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಬೇಕು. ತಾಜಾ ತರಕಾರಿ, ಹಾಲಿನಂಥ ವಿನಾಯಿತಿ ಸರಕುಗಳಿಗೆ ತೆರಿಗೆಯೇ ಇಲ್ಲ. ಸಣ್ಣವರಿಗೆ ವಹಿವಾಟಿನ ಶೇ 1ರಷ್ಟನ್ನು ಮಾತ್ರ ಕಟ್ಟುವ ರಾಜಿ ತೆರಿಗೆ ಪದ್ಧತಿ ಇದೆ. ಇಷ್ಟನ್ನು ಸರಳವಾಗಿ ತಿಳಿಸಿ ಹೇಳುವವರು ಮುಂಚೆಯೇ ಇದ್ದಿದ್ದರೆ ಆ ಭಯದ ಬಹುಭಾಗ ಹುಟ್ಟುತ್ತಲೇ ಇರಲಿಲ್ಲ. ಕೊನೆಗೆ ಮುಖ್ಯಮಂತ್ರಿಗಳು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಕೊಳ್ಳಿ ಎಂದು ಹೇಳುವವರೆಗೆ ಈ ಜನರ ಪರವಾಗಿ ನಿಂತದ್ದು ಬಹುಪಾಲು ಅವರವರೇ ಕಟ್ಟಿಕೊಂಡ ಸಂಘಟನೆಗಳು. ಜಿಲ್ಲಾ ಮಟ್ಟದ ವಾಣಿಜ್ಯ ಸಂಸ್ಥೆಗಳಲ್ಲಿ ತೆರಿಗೆ ಬಲ್ಲವರು, ವಕೀಲರು, ಕಚೇರಿ, ಸಿಬ್ಬಂದಿ ಎಲ್ಲವೂ ಇವೆ. ಕಡಿಮೆ ವಂತಿಗೆಯ ಸದಸ್ಯತ್ವವೊಂದನ್ನು ತೆರೆದು ಈ ವ್ಯಾಪಾರಿಗಳನ್ನು ಒಳಗೆ ಕರೆದುಕೊಳ್ಳಲು ಅಡ್ಡಿ ಏನೆಂಬುದು ನನಗೆ ಅರ್ಥವಾಗಿಲ್ಲ.

ಸಂಘದ ಒಳಗಿರುವವರಿಗೂ ಹೊರಗಿರುವವರಿಗೂ ನಡುವಿನ ಈ ದೂರ ಪಾದಚಾರಿ ಮಾರ್ಗದ ವಿವಾದದಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ. ಗಾಡಿಗಳನ್ನು ತೆರವುಗೊಳಿಸಿ ಎಂದು ಅಂಗಡಿ ಮಾಲೀಕರು ಪಾಲಿಕೆಗೆ ದೂರು ಕೊಡುತ್ತಾರೆ. ಅಂಗಡಿಯ ಮುಂದೆ ಎರಡು ಅಡಿ ಹೊರಗೆ ಮಾಲು ಜೋಡಿಸಿದ್ದನ್ನು ಗಾಡಿಯವರು ತೋರಿಸುತ್ತಾರೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನವನ್ನು ಬೀದಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿಗೆ ಕೊಟ್ಟಿದೆ, ಅದೇ ಸಮಿತಿಯಲ್ಲಿ ವರ್ತಕರ ಸಂಘಗಳಿಗೂ ಮಾರುಕಟ್ಟೆ ಸಂಘಗಳಿಗೂ ಜಾಗ ಇಟ್ಟಿದೆ. ಇಬ್ಬರನ್ನೂ ಎದುರು ಬದುರು ಕೂರಿಸುವ ಸ್ಥಳ ಕಾನೂನಿನಲ್ಲಿಯೇ ಇರುವಾಗ ಆಯುಕ್ತರ ಕೊಠಡಿಯಲ್ಲಿ ಒಂದು ಪಕ್ಷ ಮಾತ್ರ ಮಾತನಾಡಿ ಬರುವುದು ಸರಿಯಲ್ಲ. ಚುನಾಯಿತ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿಯ ಕೈಗೆ ಅಧಿಕಾರ ಹೋದ ದಿನಗಳಲ್ಲಿ ಈ ಎಚ್ಚರ ಹೆಚ್ಚು ಬೇಕು, ಏಕೆಂದರೆ ಆಗ ವಾರ್ಡಿನ ಬಡವನಿಗೆ ಹೋಗಿ ಹೇಳಿಕೊಳ್ಳಲು ಸದಸ್ಯರೂ ಇರುವುದಿಲ್ಲ, ಸಂಘಕ್ಕೆ ಮಾತ್ರ ಬಾಗಿಲು ತೆರೆದೇ ಇರುತ್ತದೆ.

ಊರಿನೆಲ್ಲರ ಬೇಡಿಕೆಯನ್ನು ವರ್ತಕರು ಹೊತ್ತು ನಡೆದ ನಿದರ್ಶನಗಳೂ ನಮ್ಮಲ್ಲಿವೆ, ಅವನ್ನು ಮರೆಯಬಾರದು. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ಆಂಬುಲೆನ್ಸ್‌ಗಳೂ ಶಾಲಾ ಮಕ್ಕಳೂ ಕಾಯುತ್ತಿದ್ದ ದಶಕಗಳಲ್ಲಿ ಆ ಸಮಸ್ಯೆಯನ್ನು ಮತ್ತೆ ಮತ್ತೆ ಎತ್ತಿದವರಲ್ಲಿ ವ್ಯಾಪಾರಿಗಳಿದ್ದರು. ತುಮಕೂರಿನಿಂದ ಚಿತ್ರದುರ್ಗದ ಮೂಲಕ ದಾವಣಗೆರೆಗೆ ಬರುವ ನೇರ ರೈಲು ಮಾರ್ಗ 2011–12ರ ರೈಲ್ವೆ ಬಜೆಟ್‌ನಲ್ಲಿ ಮಂಜೂರಾದಾಗಿನಿಂದ ಭೂಸ್ವಾಧೀನದ ವಿಳಂಬದಲ್ಲಿ ಸಿಲುಕಿಕೊಂಡು ಬಂದಿದ್ದು, ಬೀರೂರು, ಅರಸೀಕೆರೆ ಸುತ್ತಿ ಬೆಂಗಳೂರಿಗೆ ಹೋಗುವ ನಮ್ಮ ಜನರಿಗೂ ಸರಕಿಗೂ ಅದು ಎಷ್ಟು ಮುಖ್ಯವೆಂದು ಸಂಘಗಳು ನೆನಪಿಸುತ್ತಲೇ ಇವೆ. ಮೈಸೂರು ರೈಲ್ವೆ ವಿಭಾಗದ ಬಳಕೆದಾರರ ಸಲಹಾ ಸಮಿತಿಯಂಥ ವೇದಿಕೆಗಳಲ್ಲಿ ವಾಣಿಜ್ಯ ಸಂಸ್ಥೆಗಳಿಗೆ ಪ್ರಾತಿನಿಧ್ಯವಿದೆ. ಅಲ್ಲಿಗೆ ಹೋಗುವ ಪ್ರತಿನಿಧಿ ಏನು ಕೇಳಿದರು, ರೈಲ್ವೆಯವರು ಏನು ಉತ್ತರಿಸಿದರು ಎಂಬುದನ್ನು ಹಿಂದಿರುಗಿದ ಮೇಲೆ ಊರಿಗೆ ಒಂದು ಪುಟದಲ್ಲಿ ತಿಳಿಸಿದರೆ, ಮುಂದಿನ ಸಭೆಗೆ ಅವರ ಹಿಂದೆ ಚಿತ್ರದುರ್ಗ, ಹಿರಿಯೂರಿನ ಜನರೂ ನಿಲ್ಲುತ್ತಾರೆ.

ಹಾಗಾಗಿ ನನ್ನ ವಿನಂತಿ ಮೂರು ಕಡೆಗೆ. ಸಂಘಗಳು ತಾವು ಸಲ್ಲಿಸುವ ಪ್ರತಿಯೊಂದು ಮನವಿಯ ಪೂರ್ಣ ಪಠ್ಯವನ್ನು ಕನ್ನಡದಲ್ಲಿ, ಅದೇ ದಿನ, ತಮ್ಮ ಕಚೇರಿಯ ಫಲಕದಲ್ಲಿಯೂ ಸದಸ್ಯರ ಮೊಬೈಲ್‌ಗಳಲ್ಲಿಯೂ ಹಂಚಲಿ. ಯಾವ ಸಭೆಯಲ್ಲಿ ಎಷ್ಟು ಸದಸ್ಯರು ಅದನ್ನು ಒಪ್ಪಿದರು ಎಂದು ಅದರಲ್ಲಿಯೇ ಬರೆಯಲಿ. ಪಾಲಿಕೆ ಮತ್ತು ಜಿಲ್ಲಾಡಳಿತ, ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಕಲಮು ಹೇಳಿರುವುದನ್ನು ಗಮನಿಸಿ, ಪರವಾನಗಿ ಶುಲ್ಕವಾಗಲಿ ರಸ್ತೆ ವಿಸ್ತರಣೆಯಾಗಲಿ, ಆ ವಿಷಯದಲ್ಲಿ ತಮಗೆ ಬಂದ ಮನವಿಗಳನ್ನೂ ಅವುಗಳ ಮೇಲೆ ಕೈಗೊಂಡ ಕ್ರಮವನ್ನೂ ಜನರ ಮುಂದಿಡಲಿ. ಮೂರನೆಯದು ತಮಗೆ. ಮನವಿ ಸಲ್ಲಿಸುವ ಛಾಯಾಚಿತ್ರವನ್ನೂ ಹಾಜರಿದ್ದವರ ಹೆಸರುಗಳನ್ನೂ ಪ್ರಕಟಿಸುವ ಜಾಗದಲ್ಲಿ, ಆ ಮನವಿಯ ಬೇಡಿಕೆಗಳನ್ನು ಪೂರ್ತಿಯಾಗಿ ಮುದ್ರಿಸಿರಿ, ಮತ್ತು ಆರು ತಿಂಗಳ ನಂತರ ಅವುಗಳಲ್ಲಿ ಯಾವುದಕ್ಕೆ ಲಿಖಿತ ಉತ್ತರ ಬಂದಿದೆ ಎಂದು ವರದಿಗಾರರಿಂದ ವಿಚಾರಿಸಿ ಬರೆಸಿರಿ.

ಇತಿ,
ಸಣ್ಣ ವರ್ತಕರ ಲೆಕ್ಕಪತ್ರ ನೋಡಿಕೊಳ್ಳುವ ಓದುಗ,
ಮಂಡಿಪೇಟೆ, ದಾವಣಗೆರೆ